ಪಶ್ಚಿಮ ಇಂಡೀಸ್ ದ್ವೀಪಗಳಲ್ಲಿ ಏಳು ರಾತ್ರಿ: ಇಳಿದ ಊರುಗಳೂ ಊಟದ ಏರ್ಪಾಡೂ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮಗನೋ ಮಗಳೋ ಅಮೆರಿಕಾದಲ್ಲಿರುವ ಮನೆಯೊಂದಾದರೂ ಇಲ್ಲದ ಬೀದಿಯನ್ನು ಹುಡುಕುವುದು ಈಗ ಕಷ್ಟ. ತಂದೆತಾಯಿಗಳು ಅಲ್ಲಿಗೆ ಹೋಗಿ ಮೂರು ತಿಂಗಳೋ ಐದು ತಿಂಗಳೋ ಇದ್ದು ಬರುವುದು ವಾಡಿಕೆಯಾಗಿದೆ. ಹಾಗೆ ಹೋದವರನ್ನು ಮಕ್ಕಳು ನಯಾಗರ ಜಲಪಾತಕ್ಕೂ ವಾಷಿಂಗ್ಟನ್ ನಗರಕ್ಕೂ ಕರೆದೊಯ್ಯುತ್ತಿದ್ದರು. ಈಚೆಗೆ ಇವುಗಳೊಡನೆ ಮತ್ತೊಂದು ಸೇರಿಕೊಂಡಿದೆ. ಫ್ಲಾರಿಡಾ ಸೀಮೆಯ ಮಯಾಮಿ ಬಂದರಿನಲ್ಲಿ ವಿಹಾರದ ಹಡಗನ್ನೇರಿ, ಪಶ್ಚಿಮ ಇಂಡೀಸ್ ದ್ವೀಪಗಳಲ್ಲಿ ಕೆಲವನ್ನು ಕಂಡು, ಏಳು ರಾತ್ರಿಗಳನ್ನು ನೀರಿನ ಮೇಲೆ ಕಳೆದು, ಹೊರಟಲ್ಲಿಗೇ ಬಂದಿಳಿಯುವುದೇ ಅದು.

ನಾವು ಹೋಗಿ ಬಂದ ಮೇಲೆ ನೆರೆಹೊರೆಯವರು ಕೇಳಿದುದು ಮುಖ್ಯವಾಗಿ ಎರಡೇ ಪ್ರಶ್ನೆಗಳನ್ನು. ಅಲ್ಲಿ ಊಟಕ್ಕೇನು ಮಾಡಿದಿರಿ ಎಂಬುದೊಂದು. ವಯಸ್ಸಾದವರು ಆ ಊರುಗಳಲ್ಲಿ ಇಳಿದು ನೋಡುವುದಕ್ಕಾಗುವುದೇ ಎಂಬುದು ಇನ್ನೊಂದು. ಸಮುದ್ರದ ಬಣ್ಣವನ್ನಾಗಲಿ ಹಡಗಿನ ವೈಭವವನ್ನಾಗಲಿ ಯಾರೂ ವಿಚಾರಿಸಲಿಲ್ಲ. ಅವು ಚಿತ್ರಗಳಲ್ಲಿ ಬೇಕಾದಷ್ಟು ಸಿಕ್ಕುವುವು. ಆ ಎರಡು ಪ್ರಶ್ನೆಗಳಿಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ತಂಡದಲ್ಲಿ ೬ ಮಂದಿ: ನಾವು, ನಮ್ಮ ಮನೆಯವರು, ಮಗ, ಸೊಸೆ, ೧೦ ವರ್ಷದ ಮೊಮ್ಮಗಳು, ಮತ್ತು ೭೪ ವರ್ಷದ ನಮ್ಮ ಅಕ್ಕ. ಅಕ್ಕನವರು ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟುವವರಲ್ಲ; ಮಂಡಿನೋವಿನಿಂದ ಕೋಲೂರಿ ನಡೆಯುವವರು. ಮಗ ಸಿದ್ಧಪಡಿಸಿದ ಮೊದಲ ಪಟ್ಟಿಯಲ್ಲಿ ಒಂದೊಂದು ದ್ವೀಪಕ್ಕೂ ನಾಲ್ಕು ನಾಲ್ಕು ನೋಟಗಳಿದ್ದುವು. ಅಕ್ಕನವರ ಹೆಸರಿನ ಮುಂದೆ ಮಾತ್ರ ಮೂರು ಊರುಗಳಿಗೂ ‘ಹಡಗಿನಲ್ಲೇ ವಿಶ್ರಾಂತಿ’ ಎಂದು ಬರೆದಿತ್ತು. ‘ಅತ್ತೆ, ನಿಮಗೆ ಶ್ರಮವಾಗಬಾರದು ಅಂತ ಹಾಗೆ ಬರೆದೆ’ ಎಂದು ಅವನು ಪ್ರೀತಿಯಿಂದಲೇ ಹೇಳಿದನು. ಅಕ್ಕನವರು ಪಟ್ಟಿಯನ್ನೆಲ್ಲ ಓದಿಸಿ ಕೇಳಿ, ‘ಅಲ್ಲವೋ ಮಗು, ಕಿಟಕಿಯಿಂದ ಊರು ನೋಡೋದಕ್ಕೆ ನಾನು ಬಸವನಗುಡಿಯಿಂದ ಇಷ್ಟು ದೂರ ಬರಬೇಕಾಗಿತ್ತೆ?’ ಎಂದರು. ಮಗ ಮರುಮಾತಾಡದೆ ಆ ಪಟ್ಟಿಯನ್ನು ಹರಿದುಹಾಕಿ ಹೊಸ ಕಾಗದ ತೆಗೆದುಕೊಂಡನು.

ಆ ದಿನ ನಾವೆಲ್ಲರೂ ಕೂಡಿ ಒಂದು ನಿಯಮವನ್ನು ಮಾಡಿಕೊಂಡೆವು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲನ್ನು ನೋಡಿ ಊರುಗಳನ್ನು ಗೊತ್ತುಮಾಡಬೇಕು. ಎಲ್ಲರಿಗಿಂತ ಕಟ್ಟುನಿಟ್ಟಾಗಿ ಉಣ್ಣುವವರ ಎಲೆಯನ್ನು ನೋಡಿ ಊಟವನ್ನು ಗೊತ್ತುಮಾಡಬೇಕು. ಮಿಕ್ಕವರು ತಮಗೆ ಬೇಕಾದುದನ್ನು ಅದರ ಸುತ್ತ ಸೇರಿಸಿಕೊಳ್ಳಬಹುದು. ಮುಂದೆ ಹೇಳುವುದೆಲ್ಲ ಈ ನಿಯಮದ ವಿವರಣೆಯೇ.

ಹೊರಡುವ ಮೊದಲು

ಮೊದಲು ನೋಡತಕ್ಕದ್ದು ಕಾಲ. ಆ ಸಮುದ್ರದಲ್ಲಿ ಜೂನ್ ತಿಂಗಳ ಆದಿಯಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತಗಳ ಋತು. ೨೦೧೭ರ ಸೆಪ್ಟೆಂಬರಿನಲ್ಲಿ ‘ಇರ್ಮಾ’ ಎಂಬ ಚಂಡಮಾರುತವು ನಾವು ಕಂಡ ಮೂರು ದ್ವೀಪಗಳಲ್ಲಿ ಎರಡನ್ನು, ಸೇಂಟ್ ಥಾಮಸ್ ಮತ್ತು ಸೇಂಟ್ ಮಾರ್ಟಿನ್‌ಗಳನ್ನು, ಬಹಳವಾಗಿ ಹಾಳುಗೆಡವಿತು. ಆ ತಿಂಗಳುಗಳಲ್ಲಿಯೂ ಹಡಗುಗಳು ಹೊರಡುವುವು. ಆದರೆ ಗಾಳಿಯ ದಾರಿಯನ್ನು ನೋಡಿಕೊಂಡು ಕಪ್ತಾನನು ಒಂದು ದ್ವೀಪವನ್ನು ಬಿಟ್ಟು ಮತ್ತೊಂದಕ್ಕೆ ಹೋಗಬಹುದು. ನಮ್ಮವರು ಸಾಮಾನ್ಯವಾಗಿ ಯುಗಾದಿ, ರಾಮನವಮಿಗಳನ್ನು ಮುಗಿಸಿಕೊಂಡು ಅಮೆರಿಕಾಕ್ಕೆ ಹೊರಡುವರು. ಅಂಥವರು ಮೇ ತಿಂಗಳೊಳಗೆ ಈ ಪ್ರವಾಸವನ್ನು ಮುಗಿಸಿಕೊಳ್ಳುವುದು ಲೇಸು.

ಎರಡನೆಯದು ಕಾಗದಪತ್ರ. ಹಡಗು ಅಮೆರಿಕಾವನ್ನು ಬಿಟ್ಟು ಪರದೇಶದ ನೆಲವನ್ನು ಮುಟ್ಟಿ ಹಿಂದಿರುಗುವುದರಿಂದ, ವೀಸಾ ಹಲವು ಬಾರಿ ಪ್ರವೇಶಕ್ಕೆ ಅನುಮತಿಯುಳ್ಳದ್ದಾಗಿರಬೇಕು. ಭಾರತದ ಪಾಸ್‌ಪೋರ್ಟುಳ್ಳವರಿಗೆ ಒಂದೊಂದು ದ್ವೀಪದ ನಿಯಮವೂ ಬೇರೆಯಾಗಿರಬಹುದು. ಹಣ ಕಟ್ಟುವ ಮೊದಲೇ ಹಡಗಿನ ಕಂಪೆನಿಯನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಕ್ಷೇಮ. ವೈದ್ಯವಿಮೆಯ ವಿಷಯವೂ ಹೀಗೆಯೇ. ಅಮೆರಿಕಾಕ್ಕೆಂದು ತೆಗೆದುಕೊಂಡ ವಿಮೆ ಸಮುದ್ರದ ಮೇಲೆಯೂ ಬೇರೆ ದ್ವೀಪಗಳಲ್ಲಿಯೂ ಸಲ್ಲುವುದೇ ಎಂದು ವಿಚಾರಿಸತಕ್ಕದ್ದು. ಹಡಗಿನಲ್ಲಿ ವೈದ್ಯರಿರುವರು, ಅವರ ಫೀಜು ಮಾತ್ರ ಬಹಳ ಹೆಚ್ಚು.

ಮೂರನೆಯದು ಕೊಠಡಿ. ನೀರಿನ ತೂಗಾಟ ಹಡಗಿನ ಮಧ್ಯಭಾಗದಲ್ಲಿ, ಅದರಲ್ಲಿಯೂ ಕೆಳಗಣ ಅಂತಸ್ತುಗಳಲ್ಲಿ, ಅತಿ ಕಡಮೆ. ಸಾವಿರಾರು ಜನರನ್ನು ಒಯ್ಯುವ ಈ ಹಡಗುಗಳು ಅಗ್ರಹಾರದ ಬೀದಿಗಿಂತ ಉದ್ದವಾಗಿರುವುದರಿಂದ, ಕೋಲೂರಿ ನಡೆಯುವವರಿಗೆ ಲಿಫ್ಟಿನ ಹತ್ತಿರದ ಕೊಠಡಿಯನ್ನೇ ಕೇಳಿ ಪಡೆಯಬೇಕು. ಏರಿದ ದಿನ ಪೆಟ್ಟಿಗೆಗಳು ಕೊಠಡಿಗೆ ಬರುವಾಗ ಸಂಜೆಯಾಗುವುದುಂಟು. ಆದಕಾರಣ ಔಷಧಗಳು, ಕನ್ನಡಕ, ಒಂದು ಜೊತೆ ಬಟ್ಟೆ, ಇವು ಕೈಚೀಲದಲ್ಲಿಯೇ ಇರತಕ್ಕದ್ದು.

ಹಡಗಿನ ಗಡಿಯಾರ

ನಮ್ಮ ದಾರಿ ಹೀಗಿತ್ತು. ಮೊದಲ ದಿನ ಸಂಜೆ ಮಯಾಮಿಯಿಂದ ಹೊರಟು ಎರಡನೆಯ ದಿನ ಬಹಾಮಾ ದೇಶದ ನಾಸೊ ನಗರ. ಮೂರನೆಯ ದಿನ ಬರಿಯ ಸಮುದ್ರ. ನಾಲ್ಕನೆಯ ದಿನ ಸೇಂಟ್ ಥಾಮಸ್. ಐದನೆಯ ದಿನ ಸೇಂಟ್ ಮಾರ್ಟಿನ್. ಆಮೇಲೆ ಎರಡು ದಿನ ಮತ್ತೆ ಸಮುದ್ರ. ಎಂಟನೆಯ ದಿನ ಬೆಳಗ್ಗೆ ಮಯಾಮಿ. ಎಂಟು ದಿನಗಳಲ್ಲಿ ನೆಲಕ್ಕೆ ಇಳಿದು ನೋಡುವುದಕ್ಕೆ ಸಿಕ್ಕುವುದು ಮೂರೇ ಹಗಲು. ಆದುದರಿಂದ ಆ ಮೂರನ್ನೂ ಘಂಟೆ ಘಂಟೆಯಾಗಿ ಲೆಕ್ಕ ಹಾಕಬೇಕಾಗುವುದು.

ಹಡಗು ಬೆಳಗ್ಗೆ ೮ ಘಂಟೆಗೆ ಧಕ್ಕೆಗೆ ಬಂದು ಸಂಜೆ ೫ಕ್ಕೆ ಹೊರಡುವುದೆಂದರೆ ಕಾಗದದ ಮೇಲೆ ೯ ಘಂಟೆಗಳಾಯಿತು. ಧಕ್ಕೆಗೆ ಬಂದ ಮೇಲೆ ಅನುಮತಿ ಸಿಕ್ಕಿ, ಜನದ ಸಾಲು ಕರಗಿ, ನಾವು ಇಳಿಯುವುದಕ್ಕೆ ಅರ್ಧ ಮುಕ್ಕಾಲು ಘಂಟೆ. ಹೊರಡುವುದಕ್ಕೆ ಅರ್ಧ ಘಂಟೆ ಮೊದಲು, ಕೆಲವು ವೇಳೆ ಒಂದು ಘಂಟೆ ಮೊದಲು, ಎಲ್ಲರೂ ಒಳಗಿರಬೇಕೆಂದು ವಿಧಿ. ದಾರಿಯಲ್ಲಿ ಮೋಟಾರು ನಿಂತರೆ, ಮಳೆ ಬಂದರೆ ಎಂದು ಇನ್ನೊಂದು ಘಂಟೆಯನ್ನಾದರೂ ಬಿಡಬೇಕು. ಉಳಿಯುವುದು ೬ ಘಂಟೆ. ಬಿಸಿಲಿನಲ್ಲಿ ೭೪ ವರ್ಷದವರು ಸುಖವಾಗಿ ಓಡಾಡಬಹುದಾದುದು ಅದರಲ್ಲಿ ನಾಲ್ಕೇ ಘಂಟೆ.

ಈ ನಾಲ್ಕು ಘಂಟೆಯ ಸುತ್ತಲೇ ನಾವು ದಿನವನ್ನು ಎರಡು ಹೋಳು ಮಾಡಿದೆವು. ಬೆಳಗ್ಗೆ ೮॥ರಿಂದ ೧೨॥ರವರೆಗೆ ಆರು ಮಂದಿಯೂ ಒಟ್ಟಿಗೆ ಇಳಿದು ಒಂದೇ ಸ್ಥಳವನ್ನು ಚೆನ್ನಾಗಿ ನೋಡುವುದು. ೧ ಘಂಟೆಗೆ ಹಡಗಿಗೆ ಮರಳಿ ಊಟ ಮಾಡುವುದು. ಊಟದ ಮೇಲೆ ಹಿರಿಯರು ಮಲಗುವುದು. ಕಿರಿಯರು ಬೇಕಾದರೆ ಮತ್ತೆ ಇಳಿದು ಸಮುದ್ರಸ್ನಾನಕ್ಕೋ ಅಂಗಡಿಬೀದಿಗೋ ಹೋಗುವುದು. ಹಡಗು ಧಕ್ಕೆಯಲ್ಲಿಯೇ ನಿಂತಿರುವಾಗ ಎಷ್ಟು ಸಲ ಇಳಿದು ಹತ್ತಿದರೂ ತಡೆಯಿಲ್ಲ, ಮಧ್ಯಾಹ್ನದ ಊಟಕ್ಕೆ ಮೊದಲೇ ಹಣ ತೆತ್ತಾಗಿದೆ. ಈ ಎರಡು ಸಂಗತಿಗಳನ್ನು ಬಹು ಮಂದಿ ಗಮನಿಸದೆ, ಊಟಕ್ಕಾಗಿ ಬಿಸಿಲಿನಲ್ಲಿ ಅಲೆಯುವರು. ಹಡಗು ಧಕ್ಕೆಗೆ ಬರದೆ ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುವ ಊರುಗಳೂ ಉಂಟು. ಅಂಥ ಕಡೆ ಈ ಏರ್ಪಾಡು ಕಷ್ಟ. ವೃದ್ಧರಿರುವ ತಂಡದವರು ಧಕ್ಕೆಯಿರುವ ಊರುಗಳ ಪ್ರವಾಸವನ್ನೇ ಆರಿಸಿಕೊಳ್ಳುವುದು ಉತ್ತಮ.

ಕೈಗಡಿಯಾರದ ವಿಷಯವಾಗಿ ಒಂದು ಮಾತು. ಸೇಂಟ್ ಥಾಮಸ್, ಸೇಂಟ್ ಮಾರ್ಟಿನ್‌ಗಳ ಕಾಲವು ಚಳಿಗಾಲದಲ್ಲಿ ಮಯಾಮಿಯ ಕಾಲಕ್ಕಿಂತ ಒಂದು ಘಂಟೆ ಮುಂದು. ಬೇಸಗೆಯಲ್ಲಿ ಎರಡೂ ಒಂದೇ. ಹಡಗಿನ ಗಡಿಯಾರವನ್ನು ತಿರುಗಿಸುವುದೋ ಬಿಡುವುದೋ ಕಪ್ತಾನನ ಇಷ್ಟ. ಆದುದರಿಂದ ದಡದ ಗಡಿಯಾರವನ್ನೂ, ತಾನೇ ಕಾಲವನ್ನು ಬದಲಾಯಿಸಿಕೊಳ್ಳುವ ಮೊಬೈಲನ್ನೂ ನಂಬದೆ, ಹಡಗಿನ ಕಾಲವನ್ನೇ ನೋಡತಕ್ಕದ್ದು. ಹಡಗಿನ ಕಂಪೆನಿಯವರೇ ಏರ್ಪಡಿಸಿದ ಸುತ್ತಾಟದಲ್ಲಿ ತಡವಾದರೆ ಹಡಗು ಕಾಯುವುದು. ಸ್ವಂತವಾಗಿ ಹೋದವರಿಗಾಗಿ ಕಾಯದು. ನಾಸೊದಲ್ಲಿ ಇಬ್ಬರು ಎರಡು ಕೈಗಳಲ್ಲಿಯೂ ಚೀಲ ಹಿಡಿದು ಧಕ್ಕೆಯ ಉದ್ದಕ್ಕೂ ಓಡಿಬರುತ್ತಿದ್ದುದನ್ನು ಮೇಲಿನ ಅಂತಸ್ತುಗಳಿಂದ ನೂರಾರು ಮಂದಿ ನೋಡಿ ಚಪ್ಪಾಳೆ ತಟ್ಟಿದರು. ಅವರು ಹತ್ತಿದೊಡನೆ ಏಣಿಯನ್ನು ಎಳೆದರು. ಪ್ರತಿದಿನವೂ ಕೊಠಡಿಗೆ ಬರುವ ಹಡಗಿನ ಪತ್ರಿಕೆಯಲ್ಲಿ ಆ ಬಂದರಿನ ಏಜೆಂಟರ ವಿಳಾಸವಿರುವುದು. ಇಳಿಯುವಾಗ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು.

ಹಡಗಿನ ಊಟ

ಊಟವನ್ನು ಕುರಿತು ಮುಖ್ಯವಾಗಿ ತಿಳಿಯಬೇಕಾದುದು, ಕೇಳಿದವರಿಗೆ ಸಿಕ್ಕುವುದು, ಸುಮ್ಮನಿದ್ದವರಿಗೆ ಸಿಕ್ಕದು ಎಂಬುದು. ಟಿಕೆಟ್ಟು ಕೊಳ್ಳುವಾಗಲೇ ನಮ್ಮ ಆಹಾರದ ವಿವರವನ್ನು ಬರೆದು ತಿಳಿಸಿದೆವು. ಹಡಗನ್ನೇರಿದ ದಿನವೇ ಊಟದ ಮನೆಯ ಮೇಲ್ವಿಚಾರಕರನ್ನು ಕಂಡು ಮತ್ತೊಮ್ಮೆ ಹೇಳಿದೆವು. ಅಂದಿನಿಂದ ಪ್ರತಿ ರಾತ್ರಿಯೂ ಅವರು ಮರುದಿನದ ಪದಾರ್ಥಗಳ ಪಟ್ಟಿಯನ್ನು ತಂದು ತೋರಿಸುತ್ತಿದ್ದರು. ಅದರಲ್ಲಿ ನಮಗೆ ಒಗ್ಗದಿದ್ದುದಕ್ಕೆ ಬದಲಾಗಿ ಅನ್ನ, ಬೇಳೆಯ ಸಾರು, ಎರಡು ಪಲ್ಯ, ಚಪಾತಿ ಆಗುವುದೆಂದು ಗೊತ್ತಾಗುತ್ತಿತ್ತು. ಈ ಹಡಗುಗಳಲ್ಲಿ ನಮ್ಮ ದೇಶದವರು ಬಹಳ ಮಂದಿ ಕೆಲಸಕ್ಕಿರುವರು. ನಮಗೆ ಬಡಿಸುತ್ತಿದ್ದ ಹುಡುಗ ಮಂಗಳೂರಿನ ಕಡೆಯವನು. ‘ಅಜ್ಜಿ, ನಿಮಗೆ ತಿಳಿಸಾರು ಮಾಡಿಸಲೆ?’ ಎಂದು ಅವನು ಕೇಳಿದ ದಿನ ಅಕ್ಕನವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಕೇಳುವ ರೀತಿಯನ್ನೂ ತಿಳಿದಿರಬೇಕು. ‘ನಾವು ಸಸ್ಯಾಹಾರಿಗಳು’ ಎಂದಷ್ಟೇ ಹೇಳಿದರೆ ಅಲ್ಲಿಯವರು ಮೊಟ್ಟೆಯನ್ನು ಬಿಡುವುದಿಲ್ಲ. ‘ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಕೂಡದು, ಅವುಗಳ ರಸವೂ ಕೂಡದು’ ಎಂದು ಬಿಡಿಸಿ ಹೇಳತಕ್ಕದ್ದು. ತರಕಾರಿಯ ಸೂಪು ಎನಿಸಿಕೊಂಡದ್ದರಲ್ಲಿ ಕೋಳಿಯ ರಸವಿರಬಹುದು. ಹುರುಳಿಕಾಯಿಯ ಪಲ್ಯದಲ್ಲಿ ಹಂದಿಯ ಕೊಬ್ಬಿರಬಹುದು. ನಡುಗುವ ಸಿಹಿತಿಂಡಿಗಳಲ್ಲಿ ಪ್ರಾಣಿಗಳ ಮೂಳೆಯಿಂದಲೂ ಚರ್ಮದಿಂದಲೂ ತೆಗೆದ ಜೆಲಟಿನ್ ಇರುವುದು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ‘ಜೈನರ ಊಟ’ ಎಂದರೆ ಬಹಳ ಹಡಗುಗಳಲ್ಲಿ ಒಡನೆ ಅರ್ಥವಾಗುವುದು. ಆಗ ಆಲೂಗಡ್ಡೆಯೂ ಗೆಣಸೂ ತಟ್ಟೆಯಿಂದ ಹೊರಟುಹೋಗುವುವು. ಅವು ಬೇಕಾದವರು ಬೇರೆಯಾಗಿ ಹೇಳಬೇಕು.

ಕೊಠಡಿಯಲ್ಲಿ ಒಲೆ, ಕುಕ್ಕರು, ನೀರು ಕಾಯಿಸುವ ವಿದ್ಯುತ್ ಪಾತ್ರೆ ಮೊದಲಾದುವನ್ನು ಬೆಂಕಿಯ ಭಯದಿಂದ ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ಅಡಿಗೆಯನ್ನೂ ಸಾಮಾನ್ಯವಾಗಿ ಹತ್ತಿಸಗೊಡರು. ಅಂಗಡಿಯಲ್ಲಿ ಮೊಹರು ಮಾಡಿದ ಪೊಟ್ಟಣಗಳಿಗೆ ಅಡ್ಡಿಯಿಲ್ಲ. ನಾವು ಒಯ್ದ ಚಟ್ನಿಪುಡಿಯೂ ಒಣ ಅವಲಕ್ಕಿಯೂ ಬಹಳ ಉಪಕಾರ ಮಾಡಿದುವು. ದೊಡ್ಡ ಊಟದ ಮನೆಯಲ್ಲಿ ಬಿಳಿಯ ಅನ್ನವೂ ಸಪ್ಪೆ ಮೊಸರೂ ಬಿಸಿನೀರೂ ಯಾವ ಹೊತ್ತಿನಲ್ಲಾದರೂ ಸಿಕ್ಕುತ್ತಿದ್ದುವು. ಸಮುದ್ರ ಸ್ವಲ್ಪ ಒರಟಾಗಿದ್ದ ಮೂರನೆಯ ರಾತ್ರಿ ನಮ್ಮ ಆರು ಮಂದಿಯ ಊಟವೂ ಮೊಸರನ್ನ, ಶುಂಠಿ ಚೂರು, ಇಷ್ಟೇ. ಅದಕ್ಕಿಂತ ಹಿತವಾದ ಊಟವನ್ನು ಆ ಹಡಗಿನಲ್ಲಿ ನಾವು ಕಾಣೆವು.

ಇಲ್ಲಿ ಗೃಹಿಣಿಯರ ವಿಷಯವಾಗಿ ಒಂದು ಮಾತನ್ನು ಹೇಳದಿರಲಾರೆವು. ಮಕ್ಕಳ ಮನೆಗೆಂದು ಅಮೆರಿಕಾಕ್ಕೆ ಹೋದ ತಾಯಂದಿರಲ್ಲಿ ಬಹು ಮಂದಿಗೆ ಅಲ್ಲಿಯೂ ಅಡಿಗೆಮನೆ ತಪ್ಪುವುದಿಲ್ಲ. ನಮ್ಮ ಮನೆಯವರು ಹಡಗಿನಲ್ಲಿ ಮೊದಲ ಎರಡು ದಿನ ಬೆಳಗಿನ ಐದು ಘಂಟೆಗೇ ಎದ್ದು, ಮಾಡುವ ಕೆಲಸವಾವುದೂ ಇಲ್ಲದೆ ಹಾಸಿಗೆಯ ಮೇಲೆ ಕುಳಿತಿರುತ್ತಿದ್ದರು. ಮೂರನೆಯ ದಿನ ಹೊದಿಕೆ ಹೊದ್ದು ಮೇಲಿನ ಅಂತಸ್ತಿಗೆ ಹೋಗಿ ಸೂರ್ಯೋದಯವನ್ನು ನೋಡಿ ಬಂದರು. ‘ನಾಳೆ ಏನು ಹುಳಿ ಅನ್ನೋ ಯೋಚನೆ ಇಲ್ಲದೆ ಬೆಳಗಾದದ್ದು ಮದುವೆಯಾದ ಮೇಲೆ ಇದೇ ಮೊದಲು’ ಎಂದರು. ಏಳು ದಿನಗಳ ಖರ್ಚು ನಮಗೆ ಆ ಒಂದು ಮಾತಿನಿಂದ ಸಲ್ಲಿತು.

ನಾಸೊ

ಬಹಾಮಾ ಎಂಬುದು ನೂರಾರು ದ್ವೀಪಗಳ ದೇಶ. ೧೯೭೩ರ ಜುಲೈ ೧೦ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಇಂಡಿಯಾವನ್ನು ಹುಡುಕಿ ಹೊರಟ ಕೊಲಂಬಸನು ೧೪೯೨ರ ಅಕ್ಟೋಬರ್ ೧೨ರಂದು ಮೊದಲು ಕಾಲಿಟ್ಟುದು ಈ ದ್ವೀಪಗಳಲ್ಲೊಂದರಲ್ಲಿಯೇ. ಆ ಭ್ರಾಂತಿಯಿಂದಲೇ ಇವುಗಳಿಗೆಲ್ಲ ಇಂಡೀಸ್ ಎಂಬ ಹೆಸರು ನಿಂತಿತು. ನಮ್ಮ ಬೆಂಗಳೂರಿಗರಿಗೆ ಆ ಹೆಸರು ಕ್ರಿಕೆಟ್ಟಿನಿಂದ ಪರಿಚಿತ. ೧೯೭೪ರ ನವೆಂಬರಿನಲ್ಲಿ ನಮ್ಮ ಊರಿನಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್ ಪಂದ್ಯವು ವೆಸ್ಟ್ ಇಂಡೀಸಿನವರೊಡನೆಯೇ ಆದುದು. ರಿಚರ್ಡ್ಸ್, ಗ್ರೀನಿಜ್ ಎಂಬಿಬ್ಬರು ತಮ್ಮ ಮೊದಲ ಟೆಸ್ಟನ್ನು ಆಡಿದುದೂ ಅದರಲ್ಲಿಯೇ.

ಇಲ್ಲಿ ನಾವು ನೋಡಿದುದು ಒಂದನ್ನೇ: ರಾಣಿಯ ಮೆಟ್ಟಿಲೆಂದು ಹೆಸರಾದ ಕಲ್ಲಿನ ಸೋಪಾನ. ಸುಮಾರು ೧೭೯೩-೯೪ರಲ್ಲಿ ಗುಲಾಮರು ಸುಣ್ಣಕಲ್ಲಿನ ಗುಡ್ಡವನ್ನು ಕಡಿದು, ಅರುವತ್ತಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಮಾಡಿದರು. ವಿಕ್ಟೋರಿಯಾ ರಾಣಿಯ ಹೆಸರು ಇದಕ್ಕೆ ಬಂದುದು ಬಹಳ ಕಾಲದ ಮೇಲೆ. ಕಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಮೆಟ್ಟಿಲನ್ನು ಹತ್ತಲಾರದವರು ಟ್ಯಾಕ್ಸಿಯಲ್ಲಿ ಮೇಲಿನ ಫಿನ್‌ಕ್ಯಾಸಲ್ ಕೋಟೆಗೆ ಹೋಗಿ, ಅಲ್ಲಿಂದ ಕೆಳಕ್ಕೆ ನೋಡಬಹುದು. ಅಕ್ಕನವರೂ ನಾವೂ ಹಾಗೆ ಮಾಡಿದೆವು. ಮೊಮ್ಮಗಳು ಕೆಳಗಿನಿಂದ ಎಣಿಸುತ್ತ ಹತ್ತಿಬಂದಳು.

ಊಟದ ವಿಷಯದಲ್ಲಿ ಇಲ್ಲಿ ಒಂದು ಎಚ್ಚರಿಕೆ. ಆ ದೇಶದ ದಿನನಿತ್ಯದ ಅನ್ನವು ತೊಗರಿಕಾಳು ಹಾಕಿ ಬೇಯಿಸಿದ್ದು. ನೋಡುವುದಕ್ಕೆ ನಮ್ಮ ಕಾಳಿನ ಭಾತಿನಂತೆಯೇ ಕಾಣುವುದು. ಆದರೆ ವಾಡಿಕೆಯಾಗಿ ಅದರ ಒಗ್ಗರಣೆ ಹಂದಿಯ ಕೊಬ್ಬಿನದು. ಎಳನೀರನ್ನು ಕುಡಿದು, ಊಟಕ್ಕೆ ಹಡಗಿಗೆ ಮರಳುವುದೇ ನಮ್ಮವರಿಗೆ ಸುಲಭ.

ಸೇಂಟ್ ಥಾಮಸ್

ಗುಡ್ಡಗಳ ನಡುವೆ ಬಾಗಿದ ಕೊಲ್ಲಿ, ಗುಡ್ಡದ ಮೈಮೇಲೆ ಕೆಂಪು ಮಾಡಿನ ಮನೆಗಳು: ಇದು ಷಾರ್ಲಟ್ ಅಮಾಲಿಯ ಪಟ್ಟಣ. ಡೆನ್ಮಾರ್ಕಿನ ರಾಣಿಯೊಬ್ಬಳ ಹೆಸರು ಇದಕ್ಕೆ ಬಂದಿದೆ. ಡೇನರು ಈ ದ್ವೀಪವನ್ನೂ ನೆರೆಯ ಎರಡನ್ನೂ ೧೯೧೭ರಲ್ಲಿ ೨॥ ಕೋಟಿ ಡಾಲರಿಗೆ ಅಮೆರಿಕಾಕ್ಕೆ ಮಾರಿದರು. ಅಮೆರಿಕಾದ ಆಳ್ವಿಕೆಯಿದ್ದರೂ ಇಲ್ಲಿ ಗಾಡಿಗಳು ನಮ್ಮ ದೇಶದಂತೆ ರಸ್ತೆಯ ಎಡಗಡೆಯಲ್ಲಿಯೇ ಓಡುವುವು. ಲಾರಿಯ ಮೇಲೆ ಬೆಂಚುಗಳನ್ನು ಸಾಲಾಗಿ ಹಾಕಿ ಮೇಲೊಂದು ಚಪ್ಪರ ಹೊದಿಸಿದ ತೆರೆದ ಗಾಡಿಗಳೇ ಟ್ಯಾಕ್ಸಿಗಳು. ಬಾಡಿಗೆ ತಲೆಗಿಷ್ಟೆಂದು ಮೊದಲೇ ಗೊತ್ತಾಗಿರುವುದರಿಂದ ಚೌಕಾಸಿಯ ತೊಂದರೆಯಿಲ್ಲ. ಹತ್ತುವ ಮೆಟ್ಟಿಲು ಮಾತ್ರ ಎತ್ತರ. ಮುಂದಿನ ಬೆಂಚನ್ನು ಹಿರಿಯರಿಗೆ ಕೇಳಿ ಪಡೆಯಬೇಕು.

ಕೆಂಪು ಬಣ್ಣದ ಕ್ರಿಶ್ಚಿಯನ್ ಕೋಟೆಯನ್ನು ಹೊರಗಿನಿಂದ ನೋಡಿ, ಎದುರಿನ ವಿಮೋಚನೆಯ ಉದ್ಯಾನದ ನೆರಳಿನಲ್ಲಿ ಕುಳಿತೆವು. ೧೮೪೮ರ ಜುಲೈ ೩ರಂದು 'ನೀವಿನ್ನು ಗುಲಾಮರಲ್ಲ' ಎಂದು ಈ ದ್ವೀಪಗಳ ಜನಕ್ಕೆ ಸಾರಿದುದರ ನೆನಪಿಗಾಗಿ ಆ ತೋಟ. ಅಲ್ಲಿಂದ ಮುಂದೆ ಸಂತೆಯ ಚೌಕ. ಒಂದು ಕಾಲದಲ್ಲಿ ಮನುಷ್ಯರನ್ನು ಮಾರುತ್ತಿದ್ದ ಆ ಚೌಕದಲ್ಲಿ ಈಗ ಹಣ್ಣು ತರಕಾರಿಗಳನ್ನು ಮಾರುವರು.

ನಮ್ಮ ಹಿರಿಯ ಹೆಂಗಸರಿಬ್ಬರೂ ಇಡೀ ಪ್ರವಾಸದಲ್ಲಿ ಅತ್ಯಂತ ಸಂತೋಷಪಟ್ಟುದು ಈ ಸಂತೆಯಲ್ಲಿ. ಬೆಂಡೆಕಾಯಿ, ತೊಗರಿ, ಹುಣಸೆಹಣ್ಣು, ಸೀಮೆಬದನೆ, ಬಾಳೆಕಾಯಿ, ಮಾವು, ಇವೆಲ್ಲ ಗಾಂಧಿ ಬಜಾರಿನ ಬುಟ್ಟಿಗಳಂತೆಯೇ ಕುಳಿತಿದ್ದುವು. ನಮ್ಮ ಮನೆಯವರು ಉಡುಪಿಯ ಕಡೆಯವರು. ಅವರು ಹಸಿರಾದ ಒಂದು ದುಂಡು ಕಾಯನ್ನು ಎತ್ತಿ, ‘ಇದು ನಮ್ಮ ದೀಗುಜ್ಜೆಯಲ್ಲವೆ!’ ಎಂದು ಕೂಗಿಯೇಬಿಟ್ಟರು. ಮಾರುತ್ತಿದ್ದ ಮುದುಕಿ ನಕ್ಕು, ಅದನ್ನು ಹೇಗೆ ಹೆಚ್ಚಿ ಹುರಿಯುವುದೆಂದು ಕೈಸನ್ನೆಯಿಂದ ತೋರಿಸಿದಳು; ಇವರು ಹೇಗೆ ಪೋಡಿ ಕರಿಯುವುದೆಂದು ಕೈಸನ್ನೆಯಿಂದಲೇ ತೋರಿಸಿದರು. ಅರ್ಧ ಘಂಟೆ ಹೀಗೆ ಕಳೆಯಿತು. ಅಕ್ಕನವರು ಆ ಮುದುಕಿಯ ಮಣೆಯ ಮೇಲೆಯೇ ಕುಳಿತು ವಿಶ್ರಮಿಸಿಕೊಂಡರು.

ಈ ಕಾಯಿಗಳ ಕಥೆ ಕೇಳತಕ್ಕದ್ದು. ದೀಗುಜ್ಜೆ ಪೆಸಿಫಿಕ್ ಸಮುದ್ರದ ದ್ವೀಪಗಳ ಮರ; ಅದಕ್ಕೆ ದೀವಿಹಲಸು, ಎಂದರೆ ದ್ವೀಪದ ಹಲಸು, ಎಂಬ ಹೆಸರೂ ನಮ್ಮಲ್ಲಿ ಉಂಟು. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಬ್ಲೈ ಎಂಬ ಕಪ್ತಾನನು ಇದರ ಸಸಿಗಳನ್ನು ಹಡಗಿನಲ್ಲಿ ತುಂಬಿ ತರುತ್ತಿದ್ದಾಗ, ೧೭೮೯ರಲ್ಲಿ ನಾವಿಕರು ದಂಗೆಯೆದ್ದು ಅವನನ್ನು ದೋಣಿಗಿಳಿಸಿ ಬಿಟ್ಟರು. ಆತನು ಬದುಕಿಬಂದು, ಮತ್ತೆ ಹೊರಟು, ೧೭೯೩ರಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟ್, ಜಮೈಕಾ ದ್ವೀಪಗಳಿಗೆ ಮುಟ್ಟಿಸಿದನು. ತೊಗರಿ ನಮ್ಮ ದೇಶದಿಂದ ಆಫ್ರಿಕಾಕ್ಕೂ ಅಲ್ಲಿಂದ ಈ ದ್ವೀಪಗಳಿಗೂ ಹೋಯಿತು. ಮೆಣಸಿನಕಾಯಿ, ಸೀಬೆ, ಪರಂಗಿ, ಸಪೋಟ, ಅನಾನಸು, ಸೀಮೆಬದನೆ, ಕಡಲೆಕಾಯಿ, ಇವೆಲ್ಲ ಅಮೆರಿಕಾ ಖಂಡದ ಕಡೆಯಿಂದ ನಮ್ಮಲ್ಲಿಗೆ ಬಂದುವು. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ರಾಶಿರಾಶಿಯಾಗಿ ಸುರಿಯುವ ಕಡಲೆಕಾಯಿಯೂ ಹಾಗೆ ಸಮುದ್ರ ದಾಟಿ ಬಂದ ಗಿಡದ್ದೇ ಎಂದಾಗ ಅಕ್ಕನವರು ಮೊದಲು ನಂಬಲಿಲ್ಲ. ಸೀಮೆಬದನೆಯನ್ನು ತಮಿಳರು ಬೆಂಗಳೂರು ಬದನೆ ಎನ್ನುವುದನ್ನು ನೆನೆದು ನಕ್ಕರು.

ಇಲ್ಲಿಯ ‘ಫಂಜಿ’ ಎಂಬ ತಿನಿಸು ಮುಸುಕಿನ ಜೋಳದ ಹಿಟ್ಟನ್ನು ಬೆಂಡೆಕಾಯಿಯೊಡನೆ ತೊಳಸಿ ಮಾಡಿದ ಮುದ್ದೆ. ವಾಡಿಕೆಯಾಗಿ ಇದನ್ನು ಮೀನಿನೊಡನೆ ಬಡಿಸುವರು. ಕೇಳಿದರೆ ಬರಿದಾಗಿಯೂ ಕೊಡುವರು. ನಾವು ಸ್ವಲ್ಪ ರುಚಿ ನೋಡಿದೆವು. ರಾಗಿಯ ಮುದ್ದೆ ಬಲ್ಲವರಿಗೆ ಇದು ಹೊಸದೆನಿಸದು. ಕೊಂಡ ಹಣ್ಣನ್ನು ಅಲ್ಲಿಯೇ ತಿಂದು ಮುಗಿಸಬೇಕು. ಹಣ್ಣು, ಕಾಯಿ, ಬೀಜಗಳನ್ನು ಒಂದು ದ್ವೀಪದಿಂದ ಮತ್ತೊಂದಕ್ಕೆ ಒಯ್ಯುವುದೂ, ಹಡಗಿನ ಊಟದ ಮನೆಯಿಂದ ಹಣ್ಣನ್ನು ದಡಕ್ಕೆ ತರುವುದೂ, ಬೆಳೆಗಳ ರೋಗದ ಭಯದಿಂದ ನಿಷಿದ್ಧ.

ಸೇಂಟ್ ಮಾರ್ಟಿನ್

ಸುಮಾರು ೮೭ ಚದರ ಕಿಲೋಮೀಟರಿನ ಈ ಸಣ್ಣ ದ್ವೀಪವನ್ನು ಡಚ್ಚರೂ ಫ್ರೆಂಚರೂ ೧೬೪೮ರ ಒಪ್ಪಂದದಿಂದ ಹಂಚಿಕೊಂಡರು. ಆ ಗಡಿ ಇಂದಿಗೂ ಇದೆ; ಆದರೆ ದಾಟುವವರನ್ನು ತಡೆಯುವ ಗೇಟಿಲ್ಲ. ದಕ್ಷಿಣ ಭಾಗದ ರಾಜಧಾನಿ ಫಿಲಿಪ್ಸ್‌ಬರ್ಗ್ ಸಮುದ್ರಕ್ಕೂ ಉಪ್ಪಿನ ಕೆರೆಗೂ ನಡುವೆ ಇರುವ ಮರಳಿನ ಪಟ್ಟಿಯ ಮೇಲೆ ಕಟ್ಟಿದ ಊರು. ಡಚ್ಚರನ್ನು ಮೊದಲು ಇಲ್ಲಿಗೆಳೆದುದು ಆ ಉಪ್ಪೇ. ಮುಂದಿನ ಬೀದಿ, ಹಿಂದಿನ ಬೀದಿ, ಇವೆರಡೇ ದೊಡ್ಡ ಬೀದಿಗಳು. ಸಮುದ್ರದ ಅಂಚಿನಲ್ಲಿ ಸಮತಟ್ಟಾದ ಕಾಲುದಾರಿಯಿದೆ. ಧಕ್ಕೆಯಿಂದ ಊರಿಗೆ ಸಣ್ಣ ದೋಣಿಯೂ ಉಂಟು. ಮಂಡಿನೋವಿನವರಿಗೆ ಮೂರು ಊರುಗಳಲ್ಲಿ ಇದೇ ಅತಿ ಸುಲಭ.

ಮುಂದಿನ ಬೀದಿಯ ಒಡವೆ ಅಂಗಡಿಗಳಲ್ಲಿ ಸಿಂಧಿ ವರ್ತಕರು ಬಹಳ ಮಂದಿ. ಸೀರೆ ಕಂಡೊಡನೆ ಒಬ್ಬರು ಹೊರಗೆ ಬಂದು ಕುರ್ಚಿ ಹಾಕಿಸಿ, ನೀರು ಕೊಟ್ಟು, ವ್ಯಾಪಾರದ ಮಾತೆತ್ತದೆ ಊರಿನ ಮಾತನ್ನಾಡಿದರು. ರೊಟ್ಟಿಯ ಸಣ್ಣ ಅಂಗಡಿಗಳೂ ಇಲ್ಲಿ ಉಂಟು. ೧೮೩೮ರಿಂದ ಗಯಾನಾಕ್ಕೂ, ೧೮೪೫ರಿಂದ ಟ್ರಿನಿಡಾಡಿಗೂ ಕಬ್ಬಿನ ತೋಟದ ಕೂಲಿಗಾಗಿ ಕರಾರಿನ ಮೇಲೆ ಹೋದ ನಮ್ಮ ದೇಶದವರ ಅಡಿಗೆ ಈಗ ಈ ಸಮುದ್ರದ ದ್ವೀಪಗಳಿಗೆಲ್ಲ ಹರಡಿದೆ. ಅವರ ‘ದಾಲ್‌ಪುರಿ’ ಬೇಯಿಸಿ ಪುಡಿ ಮಾಡಿದ ಬೇಳೆಯನ್ನು ಕಣಕದಲ್ಲಿ ತುಂಬಿ ಲಟ್ಟಿಸಿದ್ದು. ನಮ್ಮ ಹೋಳಿಗೆಯ ಖಾರದ ತಂಗಿ ಎನ್ನಬಹುದು. ಮಾಂಸದ ಸೌಟು ಸೋಕದಂತೆ ಬೇರೆಯಾಗಿ ಕೊಡಿರೆಂದು ಕೇಳಿ, ಕಿರಿಯರು ಕುಂಬಳಕಾಯಿಯ ಪಲ್ಯದೊಡನೆ ತಿಂದರು. ಅಕ್ಕನವರು ತಿನ್ನಲಿಲ್ಲ, ಆದರೆ ಒಂದನ್ನು ಮುರಿಸಿ ಹೂರಣವನ್ನು ನೋಡಿ, ‘ಇಷ್ಟು ದೂರ ಬಂದವರು ಕಣಕ ಕಲಸೋದು ಮರೀಲಿಲ್ಲ’ ಎಂದರು. ಆ ಕೂಲಿಯ ಹಡಗುಗಳು ಮೂರು ತಿಂಗಳ ಕಾಲ ಸಾಗಿ ಬರುತ್ತಿದ್ದುವೆಂದು ಮಗ ಹೇಳಿದ ಮೇಲೆ ನಾವು ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಮನೆಯವರಿಗೆ ಕೆಲವು ಮಾತು

ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ದಿನ, ಊರು, ಇಳಿಯುವ ಹೊತ್ತು, ಮರಳುವ ಹೊತ್ತು, ನೋಡುವ ಒಂದು ಸ್ಥಳ, ಕುಳಿತುಕೊಳ್ಳುವ ನೆರಳು, ಶೌಚದ ಸ್ಥಳ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ: ಇಷ್ಟು ಕಲಮುಗಳು ಸಾಕು. ನೆರಳಿನ ಕಲಮು ಖಾಲಿಯಿದ್ದರೆ ಆ ಸ್ಥಳವನ್ನು ಹೊಡೆದುಹಾಕಿ. ಏಕಾದಶಿಯೋ ಒಪ್ಪೊತ್ತೋ ಬಂದರೆ ಆ ದಿನ ಸಮುದ್ರದ ದಿನವಾಗಿದೆಯೇ ಎಂದು ಪಂಚಾಂಗವನ್ನು ಮೊದಲೇ ನೋಡಿಕೊಳ್ಳಿ. ಹಡಗಿನ ಟಿಕೆಟ್ಟಿನ ಮೇಲೆ ಕೆಲಸಗಾರರ ಇನಾಮೆಂದು ದಿನಕ್ಕೆ ತಲೆಗೆ ಇಷ್ಟೆಂದು ಸೇರುವುದುಂಟು. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೈತೊಳೆಯುವುದರಲ್ಲಿ ಮಡಿವಂತರಾಗಿರಿ, ಸಾವಿರಾರು ಜನ ಒಂದೇ ಸೌಟನ್ನು ಮುಟ್ಟುವ ಕಡೆ ಹೊಟ್ಟೆಯ ಬೇನೆ ಬೇಗ ಹರಡುವುದು.

ಮೂರು ಊರುಗಳಲ್ಲಿ ಮೂರು ಸ್ಥಳಗಳನ್ನಷ್ಟೇ ಕಂಡೆವೆಂದು ಕೇಳಿ ಕೆಲವರು ಕನಿಕರಪಟ್ಟರು. ನಮ್ಮ ಮಗನ ಮೊದಲ ಪಟ್ಟಿಯಂತೆ ನಡೆದಿದ್ದರೆ ಹನ್ನೆರಡನ್ನು ನೋಡಬಹುದಾಗಿತ್ತು, ಆದರೆ ಐದೇ ಮಂದಿ ನೋಡುತ್ತಿದ್ದರು. ಈಗ ಮೂರನ್ನು ಆರು ಮಂದಿಯೂ ನೋಡಿದ್ದೇವೆ. ಸಂತೆಯ ಮುದುಕಿಯ ಮಾತು ಬಂದಾಗ ಮನೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಮುಂದಿನ ಬೇಸಗೆಯಲ್ಲಿ ಹೊರಡಲಿರುವ ಮನೆಗಳವರು ಪಟ್ಟಿ ಬರೆಯಲು ಕುಳಿತಾಗ, ಮನೆಯ ಹಿರಿಯರನ್ನೂ ಆ ಮೇಜಿಗೆ ಕರೆದು ಕೂರಿಸಿಕೊಳ್ಳಬೇಕೆಂಬುದೇ ನಮ್ಮ ಕೋರಿಕೆ.